ಬಸವಪ್ರಭು ತುಂಬಿದ ಫಾರ್ಮು

ಒಪ್ಪಿಗೆ ಪತ್ರದ ನಾಲ್ಕೂ ಪುಟಗಳನ್ನು ಕುಳಿತು ಓದಿದವನು ಆ ಲ್ಯಾಬಿನಲ್ಲಿ ಬಸವಪ್ರಭು ಒಬ್ಬನೇ. ಅವನಿಗಿಂತ ಮೊದಲು ಬಂದ ಮೂವತ್ತೊಂದು ಜನ ಕೊನೆಯ ಪುಟ ತಿರುವಿ, ಸಹಿ ಗೀಚಿ, ಮೂಗು ಮುಂದೊಡ್ಡಿ ಹೋಗಿದ್ದರು.

"ಸಣ್ಣ ಬ್ರಶ್ಶು ಅಷ್ಟೇ ಸರ್. ಐದು ಸೆಕೆಂಡು," ಎಂದಳು ಡಾಕ್ಟರ್ ಹರ್ಷಿತಾ, ಕೈಗವಸು ತೊಟ್ಟು ಕಾಯುತ್ತ.

"ಮೂರನೇ ಪುಟದಾಗ ತಾರೀಖು ತಪ್ಪು ಅದ ನೋಡ್ರಿ. ಫೋನ್ ನಂಬರಿನಾಗೂ ಒಂದು ಅಂಕಿ ಕಡಿಮಿ ಅದ."

ಅವಳು ಬಗ್ಗಿ ನೋಡಿದಳು. ಹೌದು. ಕಿವಿ ಕೆಂಪಾಯಿತು, ಆಮೇಲೆ ನಗು ತಡೆಯಲಾಗಲಿಲ್ಲ.

ಪುಣೆಯ ಹಡಪಸರದ ಆ ಶ್ವಾಸಕೋಶ ಸಂಶೋಧನಾ ಸಂಸ್ಥೆಯಲ್ಲಿ ಬಸವಪ್ರಭು ಅನುದಾನ ವಿಭಾಗದ ಮ್ಯಾನೇಜರ್. ಜಮಖಂಡಿ ಕಡೆಯ ಮನೆತನ, ಅಜ್ಜನ ಕಾಲಕ್ಕೇ ಪುಣೆ ಸೇರಿದ್ದು. ವಿಜ್ಞಾನಿಗಳ ಅರ್ಜಿ ತಿದ್ದಿ ದೆಹಲಿಗೆ ಕಳಿಸುವುದು, ತನ್ನ ಕೈಕೆಳಗಿನ ಆರು ಮಂದಿಯ ರಜೆ, ಮುನಿಸು, ಬಡ್ತಿ ಎಲ್ಲವನ್ನೂ ಸಂಭಾಳಿಸುವುದು ಅವನ ಪಾಲಿನ ಕೆಲಸ. ಹದಿನಾಲ್ಕು ವರ್ಷಗಳಲ್ಲಿ ನೂರಾರು ಸಂಶೋಧನೆಗಳು ಅವನ ಟೇಬಲ್ ದಾಟಿ ಹೋಗಿದ್ದವು. ಒಂದನ್ನಾದರೂ ಕಣ್ಣಾರೆ ಕಂಡವನಲ್ಲ.

ಹರ್ಷಿತಾ ತುಮಕೂರಿನವಳು, ಬೆಂಗಳೂರಿನ ಕೆಲಸ ಬಿಟ್ಟು ಮೂರು ವರ್ಷದ ಒಪ್ಪಂದದ ಮೇಲೆ ಬಂದ ವಿಜ್ಞಾನಿ. ಅವಳ ಕೆಲಸಕ್ಕೆ ಆರೋಗ್ಯವಂತರ ಮೂಗಿನ ಒಳಪದರದ ಜೀವಕೋಶಗಳು ಬೇಕಿದ್ದವು. ಆಡಳಿತದವರಲ್ಲಿ ಕೈ ಎತ್ತಿದವನು ಮ್ಯಾನೇಜರ್ ಒಬ್ಬನೇ.

ಬ್ರಶ್ಶು ಒಳಗೆ ಹೋಗಿದ್ದೇ ತಡ, ಅವನ ಎರಡೂ ಕಣ್ಣುಗಳಲ್ಲಿ ನೀರು ದಳದಳ ಇಳಿಯಿತು.

"ಅಯ್ಯೋ, ಅಳ್ಬೇಡಿ ಸರ್!"

"ಅಳಾಕತ್ತಿಲ್ರಿ. ಪತ್ರದಾಗ 'ಸ್ವಲ್ಪ ಕಿರಿಕಿರಿ' ಅಂತ ಬರದೀರಲ್ಲ, ಅದನ್ನೂ ತಿದ್ದಬೇಕು."

ಅವನು ಹೊರಡಲು ಎದ್ದಾಗ ಅವಳು ತಡೆದಳು. "ಹೋಗ್ಬೇಡಿ. ಬನ್ನಿ ಇಲ್ಲಿ, ನಿಮ್ಮದೇ ನೋಡಿ."

ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡದ್ದು ಬರೀ ಮಸುಕು. ಅವಳು ಅವನ ಭುಜದ ಪಕ್ಕದಿಂದ ಕೈ ಚಾಚಿ ತಿರುಪನ್ನು ಒಂದಿಷ್ಟು ಹೊರಳಿಸಿದಳು. ಆಗ ಕಾಣಿಸಿತು. ಜೀವಕೋಶಗಳ ಅಂಚಿನ ತುಂಬ ಬರಿಗಣ್ಣಿಗೆ ನಿಲುಕದಷ್ಟು ಸಣ್ಣ ಕೂದಲುಗಳು ಒಟ್ಟಿಗೆ ಬಾಗುತ್ತಿದ್ದವು, ಒಟ್ಟಿಗೆ ಏಳುತ್ತಿದ್ದವು, ಜೋಳದ ಹೊಲದ ಮೇಲೆ ಗಾಳಿ ಹಾಯ್ದಂತೆ. ಇಲ್ಲಿ ಗಾಳಿಯೇ ಇರಲಿಲ್ಲ.

"ಯಾರ್ ಹೇಳ್ತಾರ್ರಿ ಇವಕ್ಕ?" ಅವನ ದನಿ ತಾನಾಗಿಯೇ ತಗ್ಗಿತ್ತು.

"ಯಾರೂ ಹೇಳಲ್ಲ. ಸೆಕೆಂಡಿಗೆ ಹತ್ತು ಹನ್ನೆರಡು ಸಲ. ನೀವು ಮಲಗಿದ್ರೂ ಅವು ಮಲಗಲ್ಲ. ಉಸಿರಲ್ಲಿ ಬಂದ ಧೂಳು, ರೋಗಾಣು ಎಲ್ಲ ಗುಡಿಸಿ ಹಾಕ್ತಾನೇ ಇರ್ತವೆ." ಸ್ವಲ್ಪ ತಡೆದು ಹೇಳಿದಳು, "ಕೆಲವು ಮಕ್ಕಳಿಗೆ ಹುಟ್ಟಿದಾಗಿಂದ ಇವು ಅಲ್ಲಾಡೋದೇ ಇಲ್ಲ ಸರ್. ಅವರಿಗೋಸ್ಕರ ಈ ಕೆಲಸ."

ಮೂವತ್ತೊಂಬತ್ತು ವರ್ಷಗಳಿಂದ ತನ್ನೊಳಗೆ ಇಂಥದ್ದೊಂದು ಕೆಲಸ ರಜೆ ಕೇಳದೆ, ಸಂಬಳ ಕೇಳದೆ ನಡೆದೇ ಇದೆ! ಬಸವಪ್ರಭುವಿಗೆ ಮೈ ಜುಮ್ಮೆಂದಿತು, ಕೈ ಮುಗಿಯಬೇಕು ಅನಿಸಿತು. ತಲೆ ಎತ್ತಿದರೆ ಹರ್ಷಿತಾ ಅವನನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದವಳಂತೆ ಥಟ್ಟನೆ ಕೈಗವಸು ಕಳಚತೊಡಗಿದಳು. ಆಗ ಜುಲೈ ತಿಂಗಳು.

ಆಮೇಲೆ ಅವಳ ಹೊಸ ಅರ್ಜಿಯ ಫೈಲಿಗೆ ಅದೇನಾಯಿತೋ, ಒಟ್ಟಿಗೆ ಬರಬೇಕಾದ ಕಾಗದಗಳು ಒಂದೊಂದಾಗಿ ಬರತೊಡಗಿದವು. ಅವಳೇ ತರುತ್ತಿದ್ದಳು. ಅವನೂ ಫೋನಿನಲ್ಲಿ ಮುಗಿಯುವ ಮಾತಿಗೆ ಎರಡು ಮಹಡಿ ಹತ್ತಿ ಲ್ಯಾಬಿಗೆ ಹೋಗುತ್ತಿದ್ದ. ಅವನ ಸಹಾಯಕಿ ಮುಕ್ತಾ ಎಲ್ಲವನ್ನೂ ನೋಡಿಯೂ ನೋಡದಂತಿದ್ದಳು.

ನವೆಂಬರಿನಲ್ಲಿ ಆಯ್ಕೆ ಸಮಿತಿ ಸೇರಿತು. ಹೊಸ ಅನುದಾನಕ್ಕಾಗಿ ಸಂಸ್ಥೆಯಿಂದ ದೆಹಲಿಗೆ ಹೋಗಬಹುದಾದ ಅರ್ಜಿ ಒಂದೇ, ಅರ್ಜಿದಾರರು ಮೂವರು. ಆಯ್ಕೆಯಾಗದಿದ್ದರೆ ಮಾರ್ಚಿಗೆ ಹರ್ಷಿತಾಳ ಒಪ್ಪಂದ ಮುಗಿಯುತ್ತದೆ, ಅವಳು ಬೆಂಗಳೂರಿಗೆ ವಾಪಸ್. ಅವಳ ಹಿಂದಿನ ಪ್ರಾಜೆಕ್ಟು ಆರು ತಿಂಗಳು ತಡವಾಗಿತ್ತು, ಸಮಿತಿ ಅದನ್ನೇ ಹಿಡಿದುಕೊಳ್ಳುವುದು ಖಂಡಿತ. ತಡವಾದದ್ದು ವಿದೇಶದಿಂದ ತರಿಸಿದ ಯಂತ್ರ ಮುಂಬೈ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದದ್ದರಿಂದ, ಅದನ್ನು ಬಿಡಿಸಲು ಓಡಾಡಿದವನು ಬಸವಪ್ರಭುವೇ. "ಸಭಾದಾಗ ನಾ ಹೇಳ್ತೀನ್ರಿ, ನೀವು ಚಿಂತಿ ಮಾಡಬ್ಯಾಡ್ರಿ," ಎಂದು ಮಾತು ಕೊಟ್ಟಿದ್ದ.

ಸಭೆಯ ಮೊದಲು ಎಲ್ಲ ಸದಸ್ಯರೂ ತುಂಬುವ ಫಾರ್ಮು ಕಾರ್ಯದರ್ಶಿಯಾದ ಅವನ ಮುಂದೆಯೂ ಬಂತು. ಅರ್ಜಿದಾರರಲ್ಲಿ ಯಾರ ಜೊತೆಗಾದರೂ ವೈಯಕ್ತಿಕ ಸಂಬಂಧ ಇದೆಯೇ? ಹದಿನಾಲ್ಕು ವರ್ಷ ಕಣ್ಣು ಮುಚ್ಚಿ 'ಇಲ್ಲ' ಎಂದು ಗುರುತು ಹಾಕಿದ್ದ ಪೆನ್ನು ಈ ಸಲ ಮುಂದೆ ಹೋಗಲಿಲ್ಲ.

'ಇಲ್ಲ' ಎಂದರೆ ಸಭೆಯಲ್ಲಿ ಕುರ್ಚಿ ಉಳಿಯುತ್ತದೆ, ಕಸ್ಟಮ್ಸಿನ ಕಥೆ ಹೇಳಬಹುದು, ಅವಳು ಪುಣೆಯಲ್ಲಿ ಉಳಿಯಬಹುದು. 'ಇದೆ' ಎಂದರೆ ಎದ್ದು ಹೊರಗೆ ನಡೆಯಬೇಕು. ಯಾರಿಗೆ ಗೊತ್ತಾಗುತ್ತಿತ್ತು? ಇಬ್ಬರೂ ಹೊರಗೆ ಕೂತು ಒಂದು ಚಹಾ ಕುಡಿದದ್ದೂ ಇಲ್ಲ. ಆದರೆ ಅಂಥ ಬೆರಗನ್ನು ತನಗೆ ತೋರಿಸಿದವಳ ಫೈಲಿನಲ್ಲಿ ತಾನೊಂದು ಸುಳ್ಳು ಸೇರಿಸುವುದು ಅವನಿಂದಾಗಲಿಲ್ಲ.

'ಇದೆ' ಎಂದು ಗುರುತು ಹಾಕಿದ. ವಿವರದ ಜಾಗದಲ್ಲಿ ಹರ್ಷಿತಾಳ ಹೆಸರು ಬರೆದು, 'ಒಂದು ಕಡೆಯಿಂದ ಮಾತ್ರ. ಅರ್ಜಿದಾರರಿಗೆ ತಿಳಿದಿಲ್ಲ' ಎಂದು ಸೇರಿಸಿದ. ನಡಾವಳಿ ಪುಸ್ತಕವನ್ನು ಮುಕ್ತಾಳ ಕಡೆ ಸರಿಸಿ ಎದ್ದುಬಂದ.

ಹೊರಗೆ ಹರ್ಷಿತಾ ಲ್ಯಾಪ್‌ಟಾಪ್ ಎದೆಗವಚಿ ನಿಂತಿದ್ದಳು. "ನೀವ್ಯಾಕೆ ಹೊರಗೆ ಬಂದ್ರಿ?"

"ನಿಮ್ಮ ಅರ್ಜಿಗೆ ನಾ ಕೂಡ್ರಾಕ ಬರೂದಿಲ್ರಿ."

"ಅಂದ್ರೆ? ಕಸ್ಟಮ್ಸ್ ವಿಷಯ ಯಾರು ಹೇಳ್ತಾರೆ?"

"ಮುಕ್ತಾ ಅದಾರ. ಫೈಲಿನಾಗ ಎಲ್ಲಾ ಅದ."

ಅವಳ ಮುಖ ಬಿಳಿಚಿತು. "ಕೊನೇ ಗಳಿಗೇಲಿ ಕೈಬಿಟ್ರಲ್ಲ. ನಾನು ನಿಮ್ಮನ್ನ ನಂಬಿದ್ದೆ ಪ್ರಭು."

'ಸರ್' ಎನ್ನದೆ ಅವಳು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು, ಅದೂ ಸಿಟ್ಟಿನಲ್ಲಿ. ಅವನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅವಳು ತಿರುಗಿ ನೋಡದೆ ಹೋದಳು.

ಬಾಗಿಲು ಮುಚ್ಚಿದ ಮೇಲೆ ಅವನಿಗೆ ನೆನಪಾಯಿತು. ಸದಸ್ಯರು ಬರೆದದ್ದನ್ನು ಅರ್ಜಿದಾರರಿಗೆ ಓದಿ ಹೇಳಬೇಕು ಎಂಬುದು ನಿಯಮ. ಆ ನಿಯಮ ಬರೆದ ಪುಣ್ಯಾತ್ಮ ಅವನೇ! ಮೆಟ್ಟಿಲಿಳಿದು ಎಲ್ಲಾದರೂ ಓಡಿಹೋಗೋಣವೆನಿಸಿತು, ಹೋಗಲಿಲ್ಲ. ಇಪ್ಪತ್ತು ನಿಮಿಷ ಗೋಡೆಗೆ ಆನಿಕೊಂಡೇ ನಿಂತ.

ಅವಳು ಹೊರಬಂದಾಗ ಕೈಯಲ್ಲಿ ಆ ಫಾರ್ಮು ಇತ್ತು.

"ಅಧ್ಯಕ್ಷರು ಎಲ್ಲರ ಮುಂದೆ ಓದಿದ್ರು," ಎಂದಳು. "ಎರಡು ಸಲ. ಮೊದಲ್ನೇ ಸಲ ಕೇಳಿಸಿಲ್ಲ ಅಂದೆ."

ಅವನು ನೆಲ ನೋಡಿದ. "ಕಸ್ಟಮ್ಸ್?"

"ನಾನೇ ಹೇಳ್ದೆ. ಮುಕ್ತಾ ಒಂದೊಂದೇ ಕಾಗದ ತೆಗೆದು ಮುಂದಿಟ್ರು. ಉಳಿದಿಬ್ಬರ ಅರ್ಜಿ ಮೊದಲೇ ನೋಡಿದ್ರಂತೆ, ನನ್ನ ಅರ್ಜೀನೇ ದೆಹಲಿಗೆ ಹೋಗತ್ತೆ." ಅವನು ಉಸಿರು ಬಿಡುವುದನ್ನೇ ಕಾದು ಮುಂದುವರಿಸಿದಳು, "ಆದ್ರೆ ನಿಮ್ಮ ಫಾರ್ಮಲ್ಲಿ ತಪ್ಪು ಮಾಹಿತಿ ಇದೆ ಅಂದೆ. ಹಾಗಾದ್ರೆ ತಿದ್ದಿ, ಅವರ ಸಹಿ ತಗೊಂಡು ಬಾಮ್ಮ ಅಂದ್ರು."

ಅವನು ಕಾಗದ ತೆಗೆದುಕೊಂಡ. 'ಒಂದು ಕಡೆಯಿಂದ ಮಾತ್ರ' ಎಂಬುದರ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ದುಂಡಗೆ 'ಎರಡೂ ಕಡೆಯಿಂದ'. 'ತಿಳಿದಿಲ್ಲ' ಎಂಬುದನ್ನೂ ಹೊಡೆದು, 'ಜುಲೈಯಿಂದ ತಿಳಿದಿದೆ'. ಎರಡಕ್ಕೂ ಅವಳ ಸಹಿ.

"ಅಷ್ಟೂ ಮಂದಿ ಮುಂದ ಬರದ್ರೇನ್ರಿ?"

"ಅಷ್ಟೂ ಮಂದಿ ಮುಂದೆ."

ಅವನು ಬೆರಗಿನಿಂದ ಅವಳನ್ನೇ ನೋಡಿದ. ತಾನು ಒಂದು ಫಾರ್ಮಿನ ಮೂಲೆಯಲ್ಲಿ ಅಡಗಿಸಿಟ್ಟದ್ದನ್ನು ಈ ಹೆಣ್ಣು ಅಧ್ಯಕ್ಷರ ಎದುರು ನಿಂತು ಹೇಳಿ ಬಂದಿದ್ದಳು. ಗೋಡೆಗೆ ಕಾಗದ ಒತ್ತಿ ಸಹಿ ಹಾಕಿದ. ಅಕ್ಷರ ವಾರೆಯಾಯಿತು.

"ಇನ್ನ ನಿಮ್ಮ ಫೈಲು ಮುಕ್ತಾನ ಹಂತ್ಯಾಕ ಹೋಗ್ತದ್ರಿ," ಎಂದ ಮೆಲ್ಲಗೆ. "ನನ್ನ ಟೇಬಲ್ಲಿಗೆ ಬರೂದಿಲ್ಲ."

"ಫೈಲು ಬರೋದು ಬೇಡ," ಎಂದಳು ಹರ್ಷಿತಾ. "ನಾನು ಬರ್ತೀನಿ."