ಬಣ್ಣ ಹಿಡಿಯದ ಗೋಡೆ

ಬಣ್ಣದಂಗಡಿಯ ಮುದುಕ ಡಬ್ಬಗಳನ್ನು ಯಾವ ಮನೆಗೆ ಕಳಿಸಬೇಕೆಂದು ಕೇಳಿದ. ವಿಳಾಸ ಕಿವಿಗೆ ಬಿದ್ದದ್ದೇ ತಡ, ಬರೆಯುತ್ತಿದ್ದ ಪೆನ್ಸಿಲ್ ನಿಂತುಹೋಯಿತು.

"ಆ ಮನೆ ಹೊರಗೋಡೆಗೆ ಬ್ರಷ್ ಹಚ್ಚಬೇಡಿ," ಎಂದ. "ಒಳಗೆ ಏನ್ ಬೇಕಾದ್ರೂ ಬಳ್ಕೊಳ್ಳಿ. ಹೊರಗೆ ಮಾತ್ರ ಬೇಡ. ಅದಕ್ಕೆ ಮಾಟ ಆಗಿದೆ."

ಎದುರಿಗೆ ನಿಂತಿದ್ದ ಗಿರಾಕಿ ಬಾಟಲಿ ಕಾರ್ಖಾನೆಯ ತಪಾಸಣೆಗಾರ. ಹದಿನೆಂಟು ವರ್ಷದಿಂದ ಬಾಟಲಿಗಳನ್ನು ಬೆಳಕಿಗೆ ಹಿಡಿದು, ಕೂದಲೆಳೆಯಷ್ಟು ಬಿರುಕು ಕಂಡರೂ ತೆಗೆದು ಪಕ್ಕಕ್ಕೆಸೆಯುತ್ತ ಬಂದವನು. ಕಣ್ಣಿಗೆ ಕಾಣದ ದೋಷವನ್ನು ಅವನು ನಂಬುವವನೇ ಅಲ್ಲ. ಗೋಡೆಗೇ ಮಾಟವಾದರೆ ನಲ್ಲಿಗೆ ದೆವ್ವ ಹಿಡಿದಿರಬೇಕಲ್ಲ ಎಂದು ನಕ್ಕ. ನಾಲ್ಕು ಜನ ಪೇಂಟರುಗಳು ಬರುತ್ತೇವೆಂದು ಹೇಳಿ ಕೈಕೊಟ್ಟದ್ದು ಈ ಮುದುಕನ ಬಾಯಿಂದಲೇ ಇರಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬಾರದಿದ್ದರೆ ಬೇಡ, ಹೊಸದಾಗಿ ಕೊಂಡ ತನ್ನ ಮನೆಗೆ ತಾನೇ ಬಳಿದುಕೊಂಡರಾಯಿತು.

ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಬಟ್ಟೆ ಸರಿಪಡಿಸುವವಳು. ತಪ್ಪು ಹುಡುಕುವ ಗಂಡನಿಗೆ ಅವಳಿಟ್ಟ ಹೆಸರು ತಪ್ಪುರಾಯ. ತಪ್ಪುರಾಯರು ಏಣಿ ಹತ್ತಿದರೆ ಮನೆ ಮುಗಿಯುವಷ್ಟರಲ್ಲಿ ತನಗೆ ತಲೆ ನರೆಯುತ್ತದೆ ಎಂದು ಕಿಟಕಿಯಿಂದಲೇ ಛೇಡಿಸಿದಳು.

ಮೊದಲ ವಾರ ಎಲ್ಲ ಸುಸೂತ್ರವಾಗಿತ್ತು. ಹಳೆಯ ಬಣ್ಣದ ಹಕ್ಕಳೆ ಕೆರೆದ, ಬಿರುಕುಗಳಿಗೆ ಪುಟ್ಟಿ ತುಂಬಿದ, ಸ್ಯಾಂಡ್‌ಪೇಪರ್ ಉಜ್ಜಿ ಧೂಳು ಕುಡಿದ, ಪ್ರೈಮರ್ ಬಳಿದು ಒಣಗಲು ಬಿಟ್ಟ. ಮೇಲೆ ಎರಡು ಕೈ ತಿಳಿಹಳದಿ. ಭಾನುವಾರ ಸಂಜೆ ರಸ್ತೆಯ ಆಚೆ ನಿಂತು ನೋಡಿದರೆ ಅವನ ಕಣ್ಣಿಗೂ ಒಂದು ಕುಂದೂ ಸಿಗಲಿಲ್ಲ. ಅಷ್ಟು ಸಂತೋಷ ಅವನಿಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ಬೆಳಿಗ್ಗೆ ಅಡುಗೆಮನೆ ಕಿಟಕಿಯ ಪಕ್ಕ ಅಂಗೈ ಅಗಲದ ಜಾಗ ಬರಿದಾಗಿತ್ತು. ಬಣ್ಣ ಎದ್ದುಹೋದ ಗುರುತಿಲ್ಲ, ಕೆಳಗೆ ಒಂದು ಚೂರೂ ಬಿದ್ದಿಲ್ಲ. ಬಳಿದೇ ಇಲ್ಲವೆನ್ನುವಂತೆ ಬೂದುಬಣ್ಣದ ಗಾರೆ ಒದ್ದೆಯಾಗಿ ಕೂತಿತ್ತು. ಮೂಗು ಹತ್ತಿರ ಒಯ್ದರೆ ಸುಟ್ಟ ಕೂದಲಿನ ವಾಸನೆ. ತಾನೇ ಬಿಟ್ಟಿರಬೇಕು ಎಂದು ತನ್ನನ್ನು ತಾನೇ ಬೈದುಕೊಂಡು ಅಲ್ಲಿಗೆ ಬಳಿದ. ಮರುದಿನ ಅದು ಸರಿಯಾಗಿತ್ತು. ಆದರೆ ಸೂರಿನ ಕೆಳಗೆ ಇನ್ನೊಂದು. ಅದನ್ನು ಮುಚ್ಚಿದರೆ ಮರುದಿನ ಹಿತ್ತಲ ಬಾಗಿಲ ಮೇಲೆ ಮತ್ತೊಂದು.

ತಪಾಸಣೆಗಾರನಿಗೆ ತಲೆ ಕೆಟ್ಟುಹೋಯಿತು. ತೇವವೆಂದುಕೊಂಡು ಕೊಳಾಯಿಯವನನ್ನು ಕರೆಸಿದ, ಪೈಪೆಲ್ಲ ಒಣಗಿತ್ತು. ಪ್ರೈಮರ್ ಕಳಪೆಯೆಂದು ಬೇರೆ ತಂದ. ಬ್ರಷ್ ಬದಲಿಸಿದ, ಡಬ್ಬ ಬದಲಿಸಿದ, ಗೋಡೆಯನ್ನು ಗಾರೆಯವರೆಗೂ ಕೆರೆದು ಮೊದಲಿನಿಂದ ಶುರುಮಾಡಿದ. ಕೆಲಸಕ್ಕೆ ರಜೆ ಹಾಕಿದ. ಒಂದೇ ಒಂದು ಅಂಗೈ ಜಾಗ! ಎಲ್ಲ ಮುಗಿದು ಅದೊಂದೇ ಉಳಿಯುವುದು, ಅದನ್ನು ಮುಗಿಸಿದರೆ ಇನ್ನೆಲ್ಲೋ ಏಳುವುದು. ಹಲ್ಲು ಕಡಿದು ಕಡಿದು ದವಡೆ ನೋಯುತ್ತಿತ್ತು. ಹಾಳಾಗಿ ಹೋಗಲಿ, ಅಷ್ಟು ಜಾಗವನ್ನು ಯಾರು ನೋಡುತ್ತಾರೆ ಎಂದು ಹೆಂಡತಿ ಸಮಾಧಾನ ಹೇಳಲು ಬಂದಳು.

"ನಾನ್ ನೋಡ್ತೀನಿ," ಎಂದ ಅವನು, ಗೋಡೆಯಿಂದ ಕಣ್ಣು ತೆಗೆಯದೆ.

ಮೂರನೆಯ ವಾರದ ಬುಧವಾರ ಮಧ್ಯಾಹ್ನ ಊಟಕ್ಕೆಂದು ಏಣಿ ಇಳಿದವನಿಗೆ ಬ್ರಷ್ ಕೆಳಗಿಡಲು ಆಗಲಿಲ್ಲ. ಬೆರಳುಗಳು ಬಿಗಿದುಕೊಂಡಿದ್ದವು. ಎಡಗೈಯಿಂದ ಒಂದೊಂದೇ ಬೆರಳು ಎಳೆದ. ಬಿಸಿನೀರಿನಲ್ಲಿ ಅದ್ದಿದ. ಎಣ್ಣೆ ಸುರಿದ. ಕೊನೆಗೆ ಕನ್ನಡಕ ಹಾಕಿಕೊಂಡು, ಬಾಟಲಿ ನೋಡುವಂತೆಯೇ ಕೈಯನ್ನು ಬೆಳಕಿಗೆ ಹಿಡಿದು ನೋಡಿದ. ಅಂಗೈಯ ಚರ್ಮ ಮರದ ಹಿಡಿಯ ಮೇಲೆ ಹತ್ತಿಕೊಂಡಿತ್ತು. ಚರ್ಮ ಎಲ್ಲಿ ಮುಗಿದು ಮರ ಎಲ್ಲಿ ಶುರುವಾಗಿದೆ ಎಂದು ಅವನಿಗೂ ಹೇಳಲಾಗಲಿಲ್ಲ.

ಕೈಗೆ ಟವೆಲ್ ಸುತ್ತಿಕೊಂಡು ಬಣ್ಣದಂಗಡಿಗೆ ಓಡಿದ. ಟವೆಲ್ ಬಿಚ್ಚಿ ಎಂದು ಮುದುಕ ಹೇಳಲೂ ಇಲ್ಲ. ಸ್ಟೂಲು ಎಳೆದುಕೊಟ್ಟು ಕತೆ ಹೇಳಿದ. ಆ ಮನೆ ಕಟ್ಟಿಸಿದವನಿಗೆ ಯಾರ ಕೆಲಸವೂ ಒಪ್ಪಿಗೆಯಾಗುತ್ತಿರಲಿಲ್ಲವಂತೆ. ಒಬ್ಬ ಪೇಂಟರನಿಂದ ಹೊರಗೋಡೆಯನ್ನು ಏಳು ಸಲ ಕೆರೆಸಿ ಏಳು ಸಲ ಬಳಿಸಿದ. ಏಳನೆಯ ಸಲ ಬಿಸಿಲಿಗೆ ತಲೆ ಸುತ್ತಿ ಆ ಪೇಂಟರ್ ಏಣಿಯಿಂದ ಬಿದ್ದು ಸತ್ತ. ಅವನ ತಾಯಿ ಮಾಟ ಬಲ್ಲವಳು. ಮಗನ ತಲೆಗೂದಲು ಸುಟ್ಟು, ಆ ಬೂದಿಯನ್ನು ಡಬ್ಬದಲ್ಲಿ ಉಳಿದಿದ್ದ ಬಣ್ಣಕ್ಕೆ ಕಲಸಿ, ಗೋಡೆಗೆ ಅಂಗೈಯಿಂದ ಒಂದೇ ಸಲ ಬಳಿದು ಹೋದಳು. ಈ ಗೋಡೆ ಯಾರ ಕೈಗೂ ಮುಗಿಯಬಾರದು, ಹಿಡಿದ ಕೈಯನ್ನು ಬಿಡಲೂಬಾರದು ಎಂದು ಶಪಿಸಿದಳು.

ಈ ಸಲ ತಪಾಸಣೆಗಾರ ನಗಲಿಲ್ಲ. ಬಿಡಿಸಿಕೊಳ್ಳುವುದು ಹೇಗೆಂದು ಕೇಳಿದ.

"ಇನ್ನೊಬ್ರು ತಾವಾಗೇ ಬಂದು ತಗೋಬೇಕು," ಎಂದ ಮುದುಕ. "ನಿಮ್ಮ ಮೇಲಿನ ಪ್ರೀತಿಯಿಂದ ತಗೋಬೇಕು. ಆಮೇಲೆ ಅದು ಅವರದ್ದು."

ದಾರಿಯುದ್ದಕ್ಕೂ ಅವನು ಒಂದೇ ನಿರ್ಧಾರ ಮಾಡಿಕೊಂಡು ಬಂದ. ಹೆಂಡತಿಗೆ ಹೇಳುವುದಿಲ್ಲ, ಅವಳನ್ನು ಈ ಬ್ರಷ್ ಹತ್ತಿರ ಸುಳಿಯಗೊಡುವುದಿಲ್ಲ. ಅವನು ಕೆಟ್ಟವನಲ್ಲ, ಆ ನಿರ್ಧಾರ ಸುಳ್ಳೂ ಅಲ್ಲ. ಪ್ರೀತಿಯೇ ಇಲ್ಲದಂತೆ ಮಾಡಿಬಿಟ್ಟರೆ ಅವಳು ಉಳಿದುಕೊಳ್ಳುತ್ತಾಳೆಂದು ಬೇಕೆಂದೇ ಸಿಡುಕತೊಡಗಿದ. ಊಟಕ್ಕೆ ಕರೆದರೆ ಬೈದ. ಹೊಲಿಗೆ ಯಂತ್ರದ ಸದ್ದಿಗೆ ಬೈದ. ಅವಳ ಹೊಲಿಗೆಯೆಲ್ಲ ಸೊಟ್ಟ ಎಂದು, ಮದುವೆಯಾದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆಡದ ಮಾತನ್ನು ಆಡಿದ. ಅವಳು ಮುಖ ಊದಿಸಿಕೊಂಡು ಒಳಗೆ ಹೋಗುವಳು, ಒಂದು ಗಂಟೆಯೊಳಗೆ ನೀರಿನ ಲೋಟ ಹಿಡಿದು ಮತ್ತೆ ಬರುವಳು. ರಾತ್ರಿಯೂ ಅವನು ಬ್ರಷ್ ಕೆಳಗಿಡದ್ದನ್ನು ಅವಳು ಹಠವೆಂದೇ ತಿಳಿದಳು. ಅವಳ ಪ್ರೀತಿಯ ಮೇಲೂ ಅವನಿಗೆ ಸಿಟ್ಟು ಬಂತು.

ಭಾನುವಾರ ನಡುಮಧ್ಯಾಹ್ನ. ಬಿಸಿಲಿಗೆ ಏಣಿಯ ಕಬ್ಬಿಣ ಸುಡುತ್ತಿತ್ತು. ಎದುರಿಗೇ ಅದೇ ಅಂಗೈ ಜಾಗ. ಬಳಿದ. ಕಣ್ಣೆದುರಿಗೇ ಬಣ್ಣ ಒಳಗೆ ಇಂಗಿತು. ಮತ್ತೆ ಬಳಿದ. ಇಂಗಿತು. ಸುಟ್ಟ ಕೂದಲಿನ ಹೊಗೆ ಗಂಟಲಿಗಿಳಿಯಿತು. ಮತ್ತೆ ಬಳಿದ. ಮತ್ತೆ ಇಂಗಿತು. ಗೋಡೆಗೆ ಹಣೆ ಹಚ್ಚಿ ಅವನು ಜೋರಾಗಿ ಅತ್ತುಬಿಟ್ಟ.

ಏಣಿ ಅಲುಗಿತು. ಹೆಂಡತಿ ಅರ್ಧ ಹತ್ತಿ ಬಂದು ಕೈ ಚಾಚಿದ್ದಳು.

"ಕೊಡಿ ಇಲ್ಲಿ. ಇಷ್ಟೇ ಜಾಗ ತಾನೆ? ನಾನ್ ಬಳೀತೀನಿ, ನೀವು ಹೋಗಿ ಮಲ್ಕೊಳ್ಳಿ."

ಬೇಡ ಎನ್ನುವ ಮಾತು ಗಂಟಲವರೆಗೂ ಬಂತು. ಅಷ್ಟೇ. ಬಾಯಿಗೆ ಬರಲಿಲ್ಲ. ಅವಳ ಬೆರಳು ಹಿಡಿಯನ್ನು ಮುಟ್ಟಿತು. ಅಂಗೈಯ ಚರ್ಮ ಚರಚರ ಕಿತ್ತುಬಂತು. ಬೆರಳುಗಳು ಬಿಚ್ಚಿಕೊಂಡವು. ಖಾಲಿ ಕೈಗೆ ತಣ್ಣನೆ ಗಾಳಿ ಬಡಿಯಿತು. ಎಂಥ ಸುಖ! ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ಸುಖವೇ. ಅವಳು ಎರಡೇ ಎಳೆತಕ್ಕೆ ಆ ಜಾಗ ಮುಚ್ಚಿ, ನೋಡಿದಿರಾ ತಪ್ಪುರಾಯರೇ ಎಂದು ನಕ್ಕಳು. ಅವನು ಒಳಗೆ ಹೋಗಿ ಮರುದಿನ ಹೊತ್ತೇರುವವರೆಗೂ ಸತ್ತಂತೆ ನಿದ್ದೆ ಮಾಡಿದ.

ಎದ್ದಾಗ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಹೊರಗೆ ಗೋಡೆಯ ಮೇಲೆ ಬ್ರಷ್ ಓಡಾಡುವ ಸದ್ದಿತ್ತು.

ಒಂಬತ್ತನೆಯ ದಿನ ಅವಳು ಏಣಿ ಇಳಿದು ಅವನ ಮುಂದೆ ಬಂದು ನಿಂತಳು. ಮುಖ ಬಿಳಿಚಿಕೊಂಡಿತ್ತು. ಬ್ರಷ್ ಹಿಡಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಮುಂದೆ ಮಾಡಿದಳು.

"ರೀ, ಬೆರಳು ಬಿಡ್ಸೋಕೆ ಆಗ್ತಿಲ್ಲ. ಸ್ವಲ್ಪ ಹೊತ್ತು ನೀವ್ ಹಿಡ್ಕೊಳ್ತೀರಾ?"

ಹಿಡಿಯಬೇಕು. ಈಗಲೇ ಹಿಡಿಯಬೇಕು. ಅವನಿಗೆ ಅವಳ ಮೇಲೆ ಪ್ರೀತಿಯಿತ್ತು, ದೇವರಾಣೆಗೂ ಇತ್ತು. ಒಂದು ಹೆಜ್ಜೆ ಮುಂದಿಟ್ಟ. ಅಂಗೈಯಲ್ಲಿ ಹೊಸದಾಗಿ ಬಂದಿದ್ದ ಎಳೆಯ ಚರ್ಮ ಉರಿಯಿತು. ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು.

ಅವಳು ಆ ಕೈ ಹೋದ ಕಡೆ ನೋಡಿದಳು.

"ನಿಮಗೆ ಗೊತ್ತಿತ್ತು," ಎಂದಳು.

ಅವನು ತಲೆ ತಗ್ಗಿಸಿದ. ಸೂರಿನ ಕೆಳಗೆ ಒದ್ದೆ ಜಾಗ ಕಾಯುತ್ತಿತ್ತು. ಅವಳು ತಿರುಗಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು ನಿಂತಳು.

"ಏಣಿನಾದ್ರೂ ಹಿಡ್ಕೊಳ್ಳಿ."

ಅದನ್ನು ಅವನು ಹಿಡಿದುಕೊಂಡ.