ಪದರಗಲ್ಲಿನ ಮೀನು

ಪ್ರೇಮದ ಕಥೆ ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ, ಹಗಲಿನ ಕೆಲಸ ಮುಗಿಸಿಕೊಂಡು. ಪದ ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಊರಂಚಿನಲ್ಲಿ ಒಂದು ಗುಡ್ಡವಿದೆ. ಯಾವುದೋ ಕಾಲದ ಕೆರೆಯ ಕೆಸರು ಪದರ ಪದರವಾಗಿ ಕೂತು ಕಲ್ಲಾದದ್ದು. ಉಳಿಯಿಟ್ಟು ಹದವಾಗಿ ಬಿಡಿಸಿದರೆ ಪದರಗಳ ನಡುವೆ ಮೀನು, ಎಲೆ, ಅಪರೂಪಕ್ಕೊಂದು ಗರಿ, ಅಚ್ಚೊತ್ತಿದ ಹಾಗೆ ಸಿಗುತ್ತವೆ. ಗುಡ್ಡದ ಮೇಲೆ ಕಲ್ಲು ಬಿಡಿಸುತ್ತಿದ್ದವನು ಅವನು. ಕೆಳಗೆ ಮ್ಯೂಸಿಯಮ್ಮಿನ ಶೆಡ್ಡಿನಲ್ಲಿ ಸೂಜಿ, ಬ್ರಷ್ ಹಿಡಿದು ಅವನ್ನು ಶುಚಿ ಮಾಡುತ್ತಿದ್ದವಳು ನಾನು.

ಅವನು ಬಾಗಿಲಲ್ಲಿ ನಿಂತರೆ ನನ್ನ ಮೇಜು ಮಬ್ಬಾಗುತ್ತಿತ್ತು.

"ಸ್ವಲ್ಪ ಬೆಳಕು ಬಿಡಿ."

"ಮೀನಿಗಾ, ನಿಮಗಾ?"

ನಾನು ತಲೆಯೆತ್ತದೆ ಓರೆಗಣ್ಣಲ್ಲೇ ನೋಡುತ್ತಿದ್ದೆ. ಆದರೂ ಅವನ ರೆಪ್ಪೆಯ ಮೇಲೆ ಕೂತ ಕಲ್ಲಿನ ಪುಡಿ ಕಾಣುತ್ತಿತ್ತು. ಬ್ರಷ್ಷಿನಿಂದ ಒರೆಸಿಬಿಡಬೇಕೆಂದು ಕೈ ಚಡಪಡಿಸುತ್ತಿತ್ತು.

ಮನಸ್ಸು ಬೇಡ ಎನ್ನುತ್ತಿತ್ತು. ಒಂದು ಮದುವೆ ಮುರಿದುಕೊಂಡು ಅಮ್ಮನ ಮನೆಗೆ ಮರಳಿದವಳು ನಾನು.

"ಕಲ್ಲಿನ ಜೊತೆ ಎಷ್ಟು ದಿನ ಸಂಸಾರ ಮಾಡ್ತೀಯೇ?" ಎಂದು ಅಮ್ಮ ಕೇಳುತ್ತಿದ್ದಳು.

"ಅದಾದ್ರೂ ಎದುರು ಮಾತಾಡಲ್ಲ ಕಣಮ್ಮ."

ಗುಡ್ಡದ ಕೆಲಸ ಮುಗಿಯಿತು. ಅಗೆಯುವವರ ತಂಡ ದೂರದ ಇನ್ನೊಂದು ಬೆಟ್ಟಕ್ಕೆ ಹೊರಟಿತು. ಅವನು ನೇರವಾಗಿ ಕೇಳಿದ: "ನನ್ನ ಮದ್ವೆ ಆಗ್ತೀರಾ? ಶನಿವಾರ ಲಾರಿ ಹೊರಡತ್ತೆ. ಅಷ್ಟರೊಳಗೆ ಹೇಳಿ. ಇಲ್ಲ ಅಂದ್ರೆ ಮತ್ತೆ ಕಾಡಲ್ಲ."

ಎರಡು ದಿನ ಅವನು ಬರುವ ಹೊತ್ತಿಗೆ ನಾನು ಶೆಡ್ಡಿನ ಹಿಂದಕ್ಕೆ ಹೋಗಿಬಿಡುತ್ತಿದ್ದೆ.

ಶುಕ್ರವಾರ ಅವನು ಕೊನೆಯ ಕಲ್ಲು ತಂದಿಟ್ಟ. ಅಂಗೈಯಗಲದ ಮೀನು, ಒಂದೊಂದು ಮುಳ್ಳೂ ಎಣಿಸುವಂತಿತ್ತು. ಬಾಲದ ಬಳಿ ಮಾತ್ರ ಹೊಳೆಯುವ ಗೆರೆ. ಉಗುರು ತಾಗಿಸಿದೆ. ಗಾಜಿನ ಹಾಗೆ ಗಟ್ಟಿ.

"ಏನು ಹಚ್ಚಿದ್ರಿ ಇದಕ್ಕೆ?"

"ಇಳಿಸುವಾಗ ಮುರೀತು. ನೀವು ನೊಂದ್ಕೋತೀರ ಅಂತ ಅಂಗಡಿಯಿಂದ ಗಮ್ ತಂದು..."

"ಚಪ್ಪಲಿಗೆ ಹಚ್ಚೋ ಗಮ್ಮಾ? ನಮ್ಮ ಕೆಲಸದಲ್ಲಿ ಬಿಡಿಸೋಕೆ ಬರೋ ಅಂಟು ಮಾತ್ರ ಹಾಕ್ಬೇಕು. ನಾಳೆ ಜೋಡಣೆ ತಪ್ಪು ಅಂತ ಗೊತ್ತಾದ್ರೆ ಕರಗಿಸಿ ತೆಗೀಬಹುದು. ಇದನ್ನ ಇನ್ಯಾರು ತೆಗೀತಾರೆ?"

ಅವನು ಬಾಲದ ಬಳಿಯ ಗೆರೆಯನ್ನು ಬೆರಳಿನಿಂದ ಸವರಿದ.

"ಬಿಡಿಸೋ ಯೋಚನೆ ಇಟ್ಕೊಂಡು ಅಂಟಿಸ್ತಾರೆ ಅಂತ ನಂಗೆ ಹೊಳೀಲೇ ಇಲ್ಲ," ಎಂದ. ವಾದವಲ್ಲ, ಸಂಕಟ. "ಮ್ಯೂಸಿಯಮ್ ಸಾಹೇಬ್ರಿಗೆ ನಾನೇ ಹೇಳ್ತೀನಿ. ನಿಮ್ಮ ಮೇಲೆ ಬರಬಾರದು."

ಹಲಗೆ ಗೋಡೆಯ ಆಚೆ ಸಾಹೇಬರ ಬೈಗುಳದ ಮಳೆಯೇ ಸುರಿಯಿತು. ಕಲ್ಲು ಮೆತ್ತಗಿತ್ತು, ಆಳು ಕಡಿಮೆಯಿತ್ತು ಎಂದು ಅವನು ಒಂದು ನೆಪವನ್ನೂ ಹೇಳಲಿಲ್ಲ. "ನನ್ನ ಕೈಲೇ ಆಯ್ತು ಸರ್" ಎಂದಷ್ಟೇ ಕೇಳಿಸಿತು.

ನಾನು ಬ್ರಷ್ ಕೆಳಗಿಟ್ಟೆ. ಹಿಂದಿನ ಗಂಡನ ಮನೆಯಲ್ಲಿ ಲೋಟ ಒಡೆದರೂ, ಮಾತು ಒಡೆದರೂ ತಪ್ಪು ನನ್ನದೇ ಆಗಿರುತ್ತಿತ್ತು. ಈ ವಾಕ್ಯವನ್ನು ಅಲ್ಲಿ ಒಂದು ದಿನವೂ ಕೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಲಾರಿಯ ಬಳಿಗೆ ಹೋದೆ. ಅವನು ಹಗ್ಗ ಬಿಗಿಯುತ್ತಿದ್ದ. ನನ್ನನ್ನು ಕಂಡು ಗಂಟು ಹಾಕುವುದನ್ನೇ ಮರೆತ.

"ಕಾಲೇಜಿನ ಪರೀಕ್ಷೆ ಮುಗಿಸ್ಕೊಂಡು ಬರ್ತೀನಿ," ಎಂದೆ.

"ಫೇಲಾದ್ರೆ?"

"ಫೇಲಾದ್ರೂ."

ಅವನಿಗೆ ನಗಲೂ ಆಗಲಿಲ್ಲ, ಕಣ್ಣು ತುಂಬಿತ್ತು. ಲಾರಿ ಡ್ರೈವರ್ ಹಾರ್ನ್ ಒತ್ತಿದ: "ಏನಪ್ಪಾ, ತಾಳಿ ಕಟ್ಟೇ ಹತ್ತೋದಾ?"

ಆಗ ಇಬ್ಬರೂ ನಕ್ಕೆವು.

ಈಗ ನಾವು ಆ ದೂರದ ಬೆಟ್ಟದ ಬುಡದಲ್ಲಿದ್ದೇವೆ. ಹಳೆಯ ಭಯ ಪೂರ್ತಿ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಅವನು ಬರುವುದು ತಡವಾದರೆ, ಬಾಗಿಲು ಜೋರಾಗಿ ಬಡಿದುಕೊಂಡರೆ, ಇವತ್ತಿಗೂ ನನ್ನ ಕೈ ತಣ್ಣಗಾಗುತ್ತದೆ. ಅವನು ಏನೂ ಕೇಳದೆ ಆ ಕೈ ಹಿಡಿದು ಕೂರುತ್ತಾನೆ. ಆ ಭಯ ಎಂದಾದರೂ ಹೋಗುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.