ಹೊಟ್ಟೆಹುಣ್ಣು ವಿಚಾರಿಸಲು ಬಂದವರು

"ಇನ್ನೊಂದು ಕಾರು!" ಬಲ್ಜಾನ್ ಕಿಟಕಿಯಿಂದ ಕೂಗಿದಳು. "ಶಿಮ್ಕೆಂತ್‌ನಿಂದ ದೊಡ್ಡ ಆತಾ! ಕೈಲಿ ಇಷ್ಟು ದೊಡ್ಡ ಪಾತ್ರೆ!"

ಬಂದದ್ದು ಅವಳ ಆತಾನ, ಅಂದರೆ ತಾತನ, ಅಣ್ಣ. ಬಾಗಿಲಲ್ಲಿ ಆಗಲೇ ಬೂಟುಗಳ ಗುಡ್ಡೆ ಬಿದ್ದಿತ್ತು. ಅಡುಗೆಮನೆಯಲ್ಲಿ ಅಜ್ಜಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ.

"ಆತಾಗೆ ಹುಷಾರಿಲ್ಲ ಅಂತ ಇಷ್ಟು ಜನಕ್ಕೆ ಹೇಳಿದ್ಯಾರೇ?" ಅಕ್ಕ ರೌಶಾನ್ ಕೇಳಿದಳು. ಅವಳು ಮೆಡಿಕಲ್ ಓದುತ್ತಿದ್ದಳು.

ಬಲ್ಜಾನ್ ಮೂಗು ಕೆರೆದುಕೊಂಡಳು. "ಫ್ಯಾಮಿಲಿ ಗ್ರೂಪಲ್ಲಿ ಹಾಕ್ದೆ, ಅಕ್ಕಾ. ನಮ್ಮ ತಾತನ ಹೊಟ್ಟೇಲಿ ಹುಣ್ಣು ಅಂತ. ಅಳೋ ಮುಖಾನೂ ಹಾಕ್ದೆ."

"ಸರಿಹೋಯ್ತು! ಆತಾ ಹೊಟ್ಟೆಯೊಳಗೂ ಇದೇ ಕತೆ."

"ಹೊಟ್ಟೆಯೊಳಗೆ ನೆಂಟರಾ?"

"ಅಲ್ಲೊಂದು ಬ್ಯಾಕ್ಟೀರಿಯಾ ಸೇರ್ಕೊಂಡಿದೆ. ಅದಕ್ಕೆ ಹೊಟ್ಟೆಯ ಗೋಡೆ ಪುಟಾಣಿ ಪ್ರೋಟೀನ್‌ಗಳನ್ನ ಬಿಡುತ್ತೆ. ಅವು 'ಬನ್ನಿ, ಬನ್ನಿ' ಅಂತ ಬಿಳಿ ರಕ್ತಕಣಗಳನ್ನ ಕರೀತವೆ. ಆ ಕಣಗಳು ಕಾಪಾಡೋಕೇ ಬರೋದು. ಆದ್ರೆ ಬ್ಯಾಕ್ಟೀರಿಯಾ ಹೋಗಲ್ಲ, ಕರೆಯೋದೂ ನಿಲ್ಲಲ್ಲ. ಗಲಾಟೇಲಿ ಗೋಡೆಗೇ ಗಾಯ."

"ನಿಲ್ಸೋರು ಯಾರೂ ಇಲ್ವಾ?"

"'ಸಾಕು, ಸುಮ್ನಿರಿ' ಅನ್ನೋ ಪ್ರೋಟೀನೂ ಇರುತ್ತೆ. ಬ್ಯಾಕ್ಟೀರಿಯಾಗೆ ಡಾಕ್ಟರ್ ಮಾತ್ರೆ ಕೊಟ್ಟಿದಾರೆ. ಹುಣ್ಣು ಮಾಯೋವರೆಗೂ ಕೊಬ್ಬು ಮುಟ್ಟಬಾರದು ಅಂದಿದಾರೆ."

ಬಲ್ಜಾನ್ ಹಜಾರದೊಳಗೆ ಇಣುಕಿದಳು.

ದೊಡ್ಡ ಆತಾ ಕುರಿಬಾಲದ ಕೊಬ್ಬಿನ ತುಂಡನ್ನು ಆತಾ ಬಾಯಿಗಿಡಲು ಕೈಯಲ್ಲಿ ಎತ್ತಿಕೊಂಡಿದ್ದರು. ಹಿರಿಯರ ಕೈತುತ್ತನ್ನು ಬೇಡ ಎನ್ನುವ ಹಾಗಿಲ್ಲ. ಆತಾ ಎಷ್ಟು ಮುದುಕರಾದರೇನು, ಅಣ್ಣನ ಮುಂದೆ ತಮ್ಮನೇ. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಅವರು ಬಾಯಿ ತೆರೆದರು.

"ನಂಗೆ! ನಂಗೆ!" ಬಲ್ಜಾನ್ ನಡುವೆ ನುಗ್ಗಿ ಬಾಯಿ ಒಡ್ಡಿದಳು.

ತುತ್ತು ಅವಳ ಬಾಯಿ ಸೇರಿತು. ಎಲ್ಲರೂ ಗೊಳ್ಳೆಂದರು. ಕೆನ್ನೆ ಬಲೂನಾಯಿತು. ನುಂಗಲೂ ಆಗದು, ಉಗುಳಲೂ ಆಗದು!

"ತೋಳದ ಮರಿ ಕಣೇ ನೀನು!" ದೊಡ್ಡ ಆತಾ ಇನ್ನೂ ದೊಡ್ಡ ತುಂಡು ಎತ್ತಿದರು. "ಇದು ನನ್ನ ತಮ್ಮಂಗೆ."

ಬಲ್ಜಾನ್ ಗುಳುಂ ಎಂದು ನುಂಗಿದಳು. "ಬೇಡ, ದೊಡ್ಡ ಆತಾ. ಅದು ತಿಂದ್ರೆ ಅವರಿಗೆ ನೋವು ಜಾಸ್ತಿ ಆಗುತ್ತೆ."

ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು.

"ಮತ್ತೆ ನಾನ್ಯಾಕೆ ಬಂದೆ, ಮರಿ?" ದೊಡ್ಡ ಆತಾನ ದನಿ ಸಣ್ಣದಾಗಿತ್ತು.

ಬಲ್ಜಾನ್ ಜಿಡ್ಡಾದ ಬಾಯಿ ಒರೆಸಿಕೊಂಡಳು. "ಸುಮ್ನೆ... ಅವರ ಪಕ್ಕ ಕೂತ್ಕೊಳಿ."

ದೊಡ್ಡ ಆತಾ ತುಂಡನ್ನು ತಟ್ಟೆಗೆ ಹಾಕಿ, ತಮ್ಮನಿಗೆ ಒತ್ತಿಕೊಂಡು ಕೂತರು. ಆತಾ ಅಣ್ಣನ ಹೆಗಲಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ಹೊಟ್ಟೆ ಹಿಡಿದಿದ್ದ ಬೆರಳುಗಳು ಮೆಲ್ಲಗೆ ಸಡಿಲಾದವು. ಕೂತಿದ್ದವರ ಮಾತು ಪಿಸುಮಾತಾಯಿತು.

ಅಷ್ಟರಲ್ಲಿ ಅಜ್ಜಿ ಚಹಾದ ಬಟ್ಟಲುಗಳ ತಟ್ಟೆಯನ್ನು ಗಲಗಲಿಸುತ್ತ ಬಂದಳು. ಬಲ್ಜಾನ್ ತುಟಿಯ ಮೇಲೆ ಬೆರಳಿಟ್ಟು, ತುದಿಗಾಲಲ್ಲಿ ಹೋಗಿ, ತಟ್ಟೆ ಇಸಿದುಕೊಂಡಳು. ಬಟ್ಟಲುಗಳನ್ನು ಒಂದೊಂದಾಗಿ ಸದ್ದಾಗದಂತೆ ಇಡತೊಡಗಿದಳು.